ಇಲಿಮನೆಯ ಖಾಲಿ ಗೂಡುಗಳು

ಒಂದು ಊರಿನಲ್ಲಿ ಒಂದು ಮನೆ ಇತ್ತಂತೆ. ಆ ಮನೆಗೆ ಕಿಟಕಿಯೇ ಇರಲಿಲ್ಲವಂತೆ. ಗೋಡೆಯ ಮೇಲಿನ ಒಂದು ಗುಂಡಿ ಅಲ್ಲಿ ಬೆಳಗು ಮಾಡುತ್ತಿತ್ತು, ಅದೇ ಗುಂಡಿ ಕತ್ತಲೆ ಮಾಡುತ್ತಿತ್ತು. ಮನೆಯ ತುಂಬ ಗಾಜಿನಂಥ ಅರಮನೆಗಳು. ಒಂದೊಂದು ಅರಮನೆಯಲ್ಲಿ ಒಬ್ಬೊಬ್ಬಳು ಬಿಳಿ ರಾಣಿ. ರಾಣಿಯರ ಹೊಟ್ಟೆಯಲ್ಲಿದ್ದದ್ದು ಅವರ ಮಕ್ಕಳಲ್ಲ; ಯಾರದೋ ಮಕ್ಕಳನ್ನು ಯಾರೋ ತಂದು ಇಟ್ಟು ಹೋಗಿದ್ದರು. ಆದರೂ ರಾಣಿಯರು ಹಾಸಿಗೆ ಹಾಸಿಕೊಂಡು ಕಾಯುತ್ತಿದ್ದರು.

ನಮ್ಮಜ್ಜಿ ಹೇಳಿದ್ದರೆ ಹೀಗೆ ಹೇಳುತ್ತಿದ್ದಳು. ನಡುನಡುವೆ "ಹೂಂ ಅನ್ನು" ಎಂದು ನನ್ನ ತೊಡೆ ತಟ್ಟುತ್ತಿದ್ದಳು. ಕಡೆಗೆ ರಾಣಿಯರಿಗೆಲ್ಲ ಮಕ್ಕಳಾಗಿ, ತೊಟ್ಟಿಲು ತೂಗಿ, ಅಷ್ಟು ಹೊತ್ತಿಗೆ ನನಗೆ ನಿದ್ದೆ ಬಂದಿರುತ್ತಿತ್ತು. ಈ ಕಥೆಯಲ್ಲಿ ಮಕ್ಕಳಾಗುವುದಿಲ್ಲ. ಮೊದಲೇ ಹೇಳಿಬಿಟ್ಟಿದ್ದೇನೆ, ಆಸೆ ಇಟ್ಟುಕೊಳ್ಳಬೇಡಿ.

ಅವತ್ತು ಬೆಳಿಗ್ಗೆ ಇಲಿಗಳನ್ನು ನೋಡಿಕೊಳ್ಳುವ ಹೆಂಗಸು ಗುಂಡಿ ಒತ್ತಿ ದೀಪ ಹಾಕಿದಳು. ಅವಳನ್ನು ಎಲ್ಲರೂ ಇಲಿಯಮ್ಮ ಎನ್ನುತ್ತಿದ್ದರು. ಮರಿ ಹಾಕುವ ದಿನ ಅದು. ಮೊದಲ ಪಂಜರ ಎಳೆದಳು. ಇಲಿ ಕಾಗದವನ್ನು ನೂಲಿನಷ್ಟು ಸಣ್ಣಗೆ ಹರಿದು ದುಂಡನೆಯ ಗೂಡು ಕಟ್ಟಿತ್ತು. ಗೂಡಿನಲ್ಲಿ ಏನೂ ಇರಲಿಲ್ಲ. ಎರಡನೆಯದು— ಗೂಡು ಇತ್ತು, ಮರಿ ಇಲ್ಲ. ಮೂರನೆಯದು— ಅದೂ ಹಾಗೆಯೇ. ರಕ್ತದ ಕಲೆಯಿಲ್ಲ, ಕಚ್ಚಿ ಬಿಟ್ಟ ಗುರುತಿಲ್ಲ. ಅವಳು ಬೆರಳಿನಿಂದ ಗೂಡನ್ನು ಕೆದಕಿ ನೋಡಿದರೆ, ಇಲಿ ಬಂದು ಅದನ್ನು ಮತ್ತೆ ಸರಿ ಮಾಡಿ ಅದರ ಮೇಲೆ ಕೂತುಕೊಂಡಿತು.

ಇಲಿಯಮ್ಮ ನಿರ್ದೇಶಕರಿಗೆ ಫೋನ್ ಮಾಡಿದಳು. "ಸಾರ್, ಈ ಸಲಾನೂ ಇಲ್ಲ."

ನಿರ್ದೇಶಕರು ಫೋನ್ ಇಟ್ಟುಬಿಟ್ಟರು.

ಇದು ಮೂರನೆಯ ಸಲ. ಮಧ್ಯಾಹ್ನದೊಳಗೆ ಒಬ್ಬ ಹುಡುಗಿಗೆ "ವಿಚಾರಣೆ ಮುಗಿಯುವ ತನಕ ಪ್ರಯೋಗಾಲಯದ ಒಳಗೆ ಕಾಲಿಡಬೇಡ" ಎಂದು ಹೇಳಲಾಯಿತು. ಸಂಜೆಯ ಹೊತ್ತಿಗೆ ನಮ್ಮತ್ತೆಯ ಫೋನ್ ರಿಂಗಾಯಿತು.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಕೆಟ್ಟ ಔಷಧಿಗಳನ್ನು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯದಲ್ಲಿ ತಲೆ ಬೆಳ್ಳಗಾಗುವ ತನಕ ಕೆಲಸ ಮಾಡಿದವಳು. ಔಷಧಿ ಕೆಟ್ಟಿದ್ದು ಎಲ್ಲಿ, ಕೆಡಿಸಿದ್ದು ಯಾರು— ಬಾಟಲಿ ಅಲ್ಲಾಡಿಸಿ ನೋಡಿ ಹೇಳುತ್ತಾಳೆ ಎಂದು ಅವಳ ಜೊತೆಯವರು ತಮಾಷೆ ಮಾಡುತ್ತಿದ್ದರು. ನಿವೃತ್ತಿಯಾದ ಮೇಲೆ ಪ್ರಯೋಗ ಹಾಳಾಗಿ ಒಬ್ಬರ ಮೇಲೊಬ್ಬರು ಬೆರಳು ತೋರಿಸುವ ಕಡೆಗಳಿಂದ ಅವಳಿಗೆ ಕರೆ ಬರುತ್ತಿತ್ತು. ಮಂಡಿ ನೋವು. ಚೀಲ ಹೊರಲು ಒಬ್ಬರು ಬೇಕು. ನನಗೆ ಕೆಲಸ ಇರಲಿಲ್ಲ. ಕೆಲಸ ಹುಡುಕುವ ಕೆಲಸವನ್ನೂ ಬಿಟ್ಟಿದ್ದೆ.

"ಬಾರೇ, ನಿಮ್ಮಜ್ಜಿ ಹೇಳದೇ ಬಿಟ್ಟ ಕಥೆ ಒಂದು ತೋರಿಸ್ತೀನಿ" ಎಂದಳು.

"ಚೆನ್ನಾಗಿ ಮುಗಿಯುತ್ತಾ ಅತ್ತೆ?"

"ಚೆನ್ನಾಗಿ ಮುಗಿಯೋದಿದ್ರೆ ನನ್ನ ಯಾಕೆ ಕರೀತಾರೆ?"

ನಿರ್ದೇಶಕರ ಕೋಣೆಯಲ್ಲಿ ಫ್ಯಾನು ಟಕಟಕ ಎನ್ನುತ್ತಿತ್ತು. ಅವರು ನಿದ್ದೆಗೆಟ್ಟವರ ಹಾಗೆ ಕಾಣುತ್ತಿದ್ದರು.

"ನನ್ನ ಸೊಸೆಗೆ ಅರ್ಥ ಆಗೋ ಹಾಗೆ ಹೇಳಿ" ಎಂದಳು ಅತ್ತೆ. "ಅವಳಿಗೆ ಅರ್ಥ ಆದ್ರೆ ನನಗೂ ಆಗುತ್ತೆ."

ಅವರು ಮೇಜಿನ ಮೇಲೆ ಬೆರಳಿನಿಂದ ಸುರುಳಿ ಬರೆದರು. "ಗಂಡು ಇಲಿಯ ವೀರ್ಯಾಣು ಹುಟ್ಟಿದ ಕೂಡಲೇ ಹಣ್ಣಾಗಿರಲ್ಲಮ್ಮ. ಒಂದು ಉದ್ದದ ಸುರುಳಿ ನಾಳ ದಾಟಿ ಬರಬೇಕು. ದಾರಿಯಲ್ಲಿ ನಾಳದ ಗೋಡೆ ಅದಕ್ಕೆ ಸಣ್ಣ ಸಣ್ಣ ಆರ್‌ಎನ್‌ಎ ಚೂರುಗಳನ್ನ ಕೊಟ್ಟು ಕಳಿಸುತ್ತೆ. ಬುತ್ತಿ ಕಟ್ಟಿ ಕೊಟ್ಟ ಹಾಗೆ. ನಾಳದ ಕೊನೆಯ ವೀರ್ಯಾಣು ತಗೊಂಡು ಅಂಡಕ್ಕೆ ಸೇರಿಸಿದ್ರೆ ಮರಿ ಆಗುತ್ತೆ. ನಾಳದ ಮೊದಲಿನದು ತಗೊಂಡ್ರೆ— ಭ್ರೂಣ ಆಗುತ್ತೆ, ತಟ್ಟೆಯಲ್ಲಿ ಚೆನ್ನಾಗೇ ಬೆಳೆಯುತ್ತೆ. ಸಾಕುತಾಯಿ ಗರ್ಭಕ್ಕೆ ಇಟ್ಟ ಸ್ವಲ್ಪ ದಿನಕ್ಕೆ ಬಾಡಿಹೋಗುತ್ತೆ. ನಮ್ಮಲ್ಲಿ ಯಾವಾಗಲೂ ಹಾಗೇ ಆಗಿದೆ."

"ಬುತ್ತಿ ಇಲ್ಲದೆ ಬಂದದ್ದಕ್ಕೆ?" ಎಂದೆ ನಾನು.

"ಅಂತ ಗುಬ್ಬಿ ಹೇಳಿದಳು." ಗುಬ್ಬಿ ಎಂದರೆ ಒಳಗೆ ಕಾಲಿಡಬೇಡ ಎನಿಸಿಕೊಂಡ ಆ ಹುಡುಗಿ, ಗುಂಡು ಗುಂಡಾಗಿ, ಯಾವಾಗಲೂ ಚಿಲಿಪಿಲಿ ಎನ್ನುತ್ತಿದ್ದವಳಂತೆ. "ಕೊನೆಯ ವೀರ್ಯಾಣುವಿನಿಂದ ಆ ಸಣ್ಣ ಆರ್‌ಎನ್‌ಎ ತೆಗೆದು, ಮೊದಲಿನದರಿಂದ ಆದ ಭ್ರೂಣದ ಒಳಗೆ ಸೂಜಿಯಿಂದ ಬಿಟ್ಟಳು. ಮರಿ ಹುಟ್ಟಿದವು! ಎರಡು ಸಲ. ನಾವೆಲ್ಲ ಕುಣಿದಾಡಿಬಿಟ್ವಿ. ದೊಡ್ಡದಾಗಿ ಮತ್ತೊಮ್ಮೆ ಮಾಡೋಣ ಅಂದ್ವಿ. ಅವತ್ತಿಂದ ಒಂದು ಮರಿ ಇಲ್ಲ. ಮೂರು ಸಲ."

"ಆರ್‌ಎನ್‌ಎ ಅಂದ್ರೆ ಪ್ರೋಟೀನ್ ಮಾಡಿಸೋದಲ್ವಾ?" ಶಾಲೆಯಲ್ಲಿ ಓದಿದ್ದು ನೆನಪಾಗಿ ಕೇಳಿದೆ.

"ಅದೊಂದು ಜಾತಿ. ಇವು ಏನೂ ಮಾಡಿಸಲ್ಲ. ಪ್ರೋಟೀನಿನ ಸುದ್ದಿಗೇ ಹೋಗಲ್ಲ. ಬೇರೆ ಆರ್‌ಎನ್‌ಎಗಳಲ್ಲಿ ಯಾವುದು ಕೆಲಸ ಮಾಡಬೇಕು, ಯಾವುದು ಬಾಯಿ ಮುಚ್ಕೊಂಡು ಇರಬೇಕು ಅಂತ ನೋಡ್ಕೊಳ್ತವೆ. ಇಂಥವನ್ನ ಕೆಲಸಕ್ಕೆ ಬಾರದ್ದು ಅಂತ ಎಷ್ಟೋ ಕಾಲ ಕಡೆಗಣಿಸಿದ್ವಿ."

ನನಗೆ ಅಡುಗೆಮನೆ ಬಾಗಿಲಲ್ಲಿ ಗೋಡೆಗೆ ಒರಗಿ ಕೂತ ಅಜ್ಜಿ ಕಂಡಳು. ಒಲೆ ಮುಟ್ಟುತ್ತಿರಲಿಲ್ಲ. ಸೌಟು ಹಿಡಿಯುತ್ತಿರಲಿಲ್ಲ. "ಉರಿ ತಗ್ಗಿಸೇ... ಈಗ ಮುಚ್ಚಳ ಹಾಕು" ಎನ್ನುತ್ತಿದ್ದಳು, ಅಷ್ಟೇ. ಅವಳು ಹೋದ ವರ್ಷ ಮನೆಯಲ್ಲಿ ಎಲ್ಲವೂ ಸೀದುಹೋಗುತ್ತಿತ್ತು.

"ಈಗ ಅನುಮಾನ ಯಾರ ಮೇಲೆ?" ಎಂದಳು ಅತ್ತೆ.

"ಮೊದಲೆರಡು ಸಲ ಹುಟ್ಟಿದ ಮರಿಗಳೇ ಸುಳ್ಳು ಅಂತಾರೆ. ಮಾಮೂಲಿ ಮರಿಗಳನ್ನ ತಂದಿಟ್ಟು ತನ್ನ ಪ್ರಯೋಗದ್ದು ಅಂತ ತೋರಿಸಿದ್ದಾಳೆ ಅಂತ. ಶುಕ್ರವಾರ ಸಮಿತಿ ಸೇರುತ್ತೆ. ಸುಳ್ಳಿ ಅಂತ ಆದ್ರೆ ಅವಳ ಓದು ಮುಗೀತು. ಈ ಊರಲ್ಲಲ್ಲ, ಎಲ್ಲೂ ಯಾರೂ ಸೇರಿಸಲ್ಲ."

"ಸುಳ್ಳಿ ಅಲ್ಲದಿದ್ರೆ?"

"ಹಾಗಾದ್ರೆ ಯಾರೋ ಕೊಲ್ತಿದ್ದಾರೆ."

ಗುಬ್ಬಿ ಕಟ್ಟಡದ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಳು. ಚಿಲಿಪಿಲಿ ಇರಲಿಲ್ಲ. ಪಕ್ಕದಲ್ಲಿ ಫೋನು ಗುರ್ರೆಂದು ಅಲುಗಿ ಅಲುಗಿ ಒಂದು ಮೆಟ್ಟಿಲು ಕೆಳಗೆ ಬಿತ್ತು. ಎತ್ತಲಿಲ್ಲ.

"ನಮ್ಮಮ್ಮ" ಎಂದಳು. "ನಿನ್ನೆ ಕೇಳಿದ್ರು, ಏನು ಕದ್ದೆಯೇ ಅಂತ. ಏನೂ ಕದ್ದಿಲ್ಲಮ್ಮ ಅಂದ್ರೆ, ಹಾಗಾದ್ರೆ ವಾಪಸ್ ಕೊಟ್ಟುಬಿಡು ಅಂತಾರೆ."

ಅತ್ತೆ ಮಂಡಿ ಹಿಡಿದುಕೊಂಡು ಅವಳ ಪಕ್ಕ ಕೂತಳು. "ಮೊದಲಿನ ಮರಿಗಳು ನಿಜವಾ?"

"ನೀವೂ ಕೇಳ್ತೀರಾ?"

"ಕೇಳೋದಕ್ಕೇ ಬಂದಿರೋದು."

"ನಿಜ. ನಾನೇ ಕೈಲಿ ಎತ್ತಿಕೊಂಡಿದ್ದೆ. ಎಷ್ಟು ಬೆಚ್ಚಗಿದ್ವು..." ಅವಳು ಅಂಗೈ ಬಿಚ್ಚಿ ನೋಡಿಕೊಂಡಳು. "ಈಗ ನನಗೇ ಅನುಮಾನ ಬರ್ತಿದೆ. ಕನಸೇನಾದ್ರೂ ಬಿತ್ತಾ ಅಂತ."

"ಆರ್‌ಎನ್‌ಎ ತೆಗೆಯೋದು ನೀನು. ಸೂಜಿ ಹಾಕೋದು?"

"ಸೂಜಿ ಅಕ್ಕ. ಅವರ ಕೈ ಬಿಟ್ಟು ಬೇರೆ ಕೈ ಇಲ್ಲ ಇಲ್ಲಿ. ನನಗೆ ಕಲಿಸ್ತೀನಿ ಅಂತ ಮಾತು ಕೊಟ್ಟಿದ್ರು, ಸೇರಿದ ಹೊಸದರಲ್ಲೇ. ಕೇಳಿದಾಗಲೆಲ್ಲ ನಾಳೆ ಅಂತಾರೆ, ಮುಂದಿನ ವಾರ ಅಂತಾರೆ. ಆಮೇಲೆ ನಾನೂ ಕೇಳೋದು ಬಿಟ್ಟೆ."

"ಜಗಳ ಏನಾದ್ರೂ?"

"ಅಯ್ಯೋ, ಇಲ್ಲ! ಅವರು ನನ್ನ ಸ್ವಂತ ಅಕ್ಕನ ಥರ. ಜ್ವರ ಬಂದಾಗ ಅವರ ಮನೇಲೇ ಇದ್ದೆ."

ಒಳಗೆ ಹೋದರೆ ಕೈತೊಳೆಯುವ ತೊಟ್ಟಿಯ ಹತ್ತಿರ ಒಬ್ಬ ಎತ್ತರದ ಯುವಕ ರಬ್ಬರ್ ಗ್ಲೌಸಿನ ಜೊತೆ ಕುಸ್ತಿ ಆಡುತ್ತಿದ್ದ. ಬೆರಳು ಅರ್ಧಕ್ಕೆ ನಿಂತಿತ್ತು. ಗ್ಲೌಸು ಪಟ್ ಎಂದು ಹರಿಯಿತು.

"ಥೂ ಇದರ! ಮೀಡಿಯಂ ಖಾಲಿ, ದೊಡ್ಡದು ಖಾಲಿ. ಯಾವಾಗ ನೋಡಿದ್ರೂ ಈ ಸಣ್ಣದೊಂದು ಡಬ್ಬಿ ತುಂಬಿಕೊಂಡು ಕೂತಿರುತ್ತೆ. ಇದೇನು ಗೊಂಬೆಗೆ ಹಾಕೋದಾ?"

ಇವನೇ ಉದ್ದಣ್ಣ. ಗುಬ್ಬಿ ಸುಳ್ಳಿ ಎಂದು ಮೊದಲು ಬಾಯಿಬಿಟ್ಟವನು.

"ನಿಮಗೆ ಅವಳ ಮೇಲೆ ಹೊಟ್ಟೆಕಿಚ್ಚಂತೆ?" ಎಂದಳು ಅತ್ತೆ, ಹವಾಮಾನ ವಿಚಾರಿಸುವ ಹಾಗೆ.

ಅವನ ಕಿವಿ ಕೆಂಪಾಯಿತು. "ಇತ್ತು. ಯಾಕಿರಬಾರದು? ನಾನು ಇಷ್ಟು ವರ್ಷ ಮಣ್ಣು ಹೊತ್ತೆ, ಅವಳು ನಿನ್ನೆ ಮೊನ್ನೆ ಬಂದು ಬಂಗಾರ ಅಗೆದಳು. ಹಾಗಂತ ಕೊಲೆಗಾರ ಅಲ್ಲ ಮೇಡಮ್ ನಾನು. ಫ್ರೀಜರಿನಲ್ಲಿರೋ ಅವಳ ಆರ್‌ಎನ್‌ಎ ಕೆಟ್ಟಿರಬಹುದು, ಪಾಪ, ಅಂತ ನಾನೇ ತೆಗೆದು ನೋಡಿದೆ. ಒಂದು ಚೂರೂ ಮುಕ್ಕಾಗಿಲ್ಲ. ಬುತ್ತಿ ಸರಿಯಾಗಿದೆ, ಆದ್ರೂ ಮರಿ ಇಲ್ಲ ಅಂದ್ರೆ ಬುತ್ತಿ ಕಥೆಯೇ ಸುಳ್ಳು ಅಂತ ತಾನೇ?"

"ಪಕ್ಕದ ಸಾಲಿನಲ್ಲಿ ಮರಿಗಳ ಸದ್ದು ಕೇಳ್ತಿದೆಯಲ್ಲ?"

"ಅವು ನಾಳದ ಕೊನೆಯ ವೀರ್ಯಾಣುವಿನವು. ಹೋಲಿಕೆಗೆ ಅಂತ ಮಾಡೋದು. ಅದೇ ಅಂಡ, ಅದೇ ತಟ್ಟೆ, ಅದೇ ಸೂಜಿ ಅಕ್ಕನ ಕೈ. ಪ್ರತಿ ಸಲ ಹುಟ್ತವೆ. ಅಂದ್ರೆ ತಟ್ಟೆಯಲ್ಲಿ, ತಾಯಿಯಲ್ಲಿ, ಕೈಯಲ್ಲಿ ತಪ್ಪಿಲ್ಲ. ಉಳಿದದ್ದು ಗುಬ್ಬಿ ಒಬ್ಬಳೇ."

ಅತ್ತೆ ಹರಿದ ಗ್ಲೌಸನ್ನು ಬಗ್ಗಿ ಎತ್ತಿ ಕಸದ ಡಬ್ಬಿಗೆ ಹಾಕಿದಳು. ಹಾಕುವಾಗ ಡಬ್ಬಿಯೊಳಗೆ ಒಮ್ಮೆ ಇಣುಕಿದಳು.

ಸೂಜಿ ಅಕ್ಕನ ಕೋಣೆಯ ಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ಗಾಳಿ ಅಲುಗಾಡಿದರೆ ಸೂಜಿಯ ತುದಿ ನಡುಗುತ್ತದಂತೆ. ಅವಳು ನಮಗಾಗಿ ತೆರೆದಳು. ಸಣ್ಣ ಆಳು, ಸಣ್ಣ ಮುಖ, ನೀಟಾಗಿ ಎಳೆದು ಕಟ್ಟಿದ ಬಿಳಿಗೂದಲು. ಮಾತಿಗೆ ಮೊದಲು ಕೈ ತೊಳೆದಳು— ಸಾಬೂನು, ನೀರು, ಮತ್ತೆ ಸಾಬೂನು, ಆಮೇಲೆ ಸ್ಪಿರಿಟ್ಟು. ಮೊಣಕೈ ತನಕ.

"ಒಂದು ಕೀಟಾಣು ಬಿದ್ರೆ ಇಡೀ ತಟ್ಟೆ ಹೋಯ್ತು" ಎಂದಳು. "ನನ್ನ ತಟ್ಟೆಗೆ ಇಷ್ಟು ವರ್ಷದಲ್ಲಿ ಒಂದು ದಿನ ಬೂಸ್ಟು ಬಂದಿಲ್ಲ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿದೆ. ಬೂದು ಬೆಳಕಿನ ಕೊಳ. ಅದರಲ್ಲಿ ದುಂಡಗೆ ಒಂದು ಅಂಡ, ಸುತ್ತ ತೆಳ್ಳನೆಯ ಗಾಜಿನಂಥ ಕೋಟೆ. ಎಡಗಡೆಯಿಂದ ಒಂದು ಮೊಂಡ ಗಾಜಿನ ನಳಿಕೆ ಅದನ್ನು ಹಿಡಿದಿದೆ. ಬಲಗಡೆಯಿಂದ ಬರಬೇಕಾದದ್ದು ಸೂಜಿ— ಕೂದಲಿಗಿಂತ ಸಣ್ಣ ಗಾಜು. ಇಷ್ಟು ಸಣ್ಣದರ ಒಳಗೆ ಇಡೀ ಇಲಿ ಮಲಗಿದೆಯಲ್ಲ ಎಂದು ಮೈ ಜುಮ್ಮೆಂದಿತು.

"ಸೂಜಿಗೆ ಆರ್‌ಎನ್‌ಎ ತುಂಬೋದು ನೀವೇನಾ?" ಎಂದಳು ಅತ್ತೆ.

"ಎಲ್ಲ ನಾನೇ. ಗುಬ್ಬಿ ಕೊಟ್ಟ ಚಿಕ್ಕ ಕೊಳವೆ ಮುಚ್ಚಳ ತೆಗೆದು, ಸೂಜಿಯ ಹಿಂದಿನಿಂದ ಹನಿ ಬಿಟ್ಟು, ತುದಿ ಮುರಿದು, ಯಂತ್ರದ ಕಬ್ಬಿಣದ ತೋಳಿಗೆ ಸಿಕ್ಕಿಸಿ... ಬೇರೆಯವರಿಗೆ ಬಿಟ್ರೆ ಆಗಲ್ಲ."

"ಗುಬ್ಬಿ ಸುಳ್ಳು ಹೇಳೋಳಾ?"

ಸೂಜಿ ಅಕ್ಕ ಸ್ಪಿರಿಟ್ಟಿನ ಬಾಟಲಿಯ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿದಳು. "ಹುಡುಗಿ ಒಳ್ಳೆಯವಳು" ಎಂದಳು. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಇಲಿಯಮ್ಮ ಹೊರಗಿನ ಪಡಸಾಲೆಗೆ ಟೀ ತಂದಳು. ಆಗತಾನೇ ಕುದಿದಿಳಿದ ಟೀ, ಸ್ಟೀಲ್ ಲೋಟಗಳು. ನಾನು ಎತ್ತಿದವಳೇ "ಅಮ್ಮಾ!" ಎಂದು ಕೆಳಗಿಟ್ಟೆ. ಉದ್ದಣ್ಣ ಅಂಗಿಯ ತೋಳು ಎಳೆದುಕೊಂಡು ಹಿಡಿದ. ಇಲಿಯಮ್ಮ ನಕ್ಕಳು, "ನಿಮ್ದೆಲ್ಲ ಬೆಣ್ಣೆ ಕೈ." ಗುಬ್ಬಿಯನ್ನೂ ಕರೆದಿದ್ದರು, ಅವಳು ಲೋಟದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಊದುತ್ತ ಗೋಡೆ ನೋಡುತ್ತಿದ್ದಳು. ಸೂಜಿ ಅಕ್ಕ ಅವಳ ಪಕ್ಕ ಕೂತು, ಲೋಟವನ್ನು ಎರಡೂ ಅಂಗೈಯಲ್ಲಿ ತುಂಬಿ ಹಿಡಿದುಕೊಂಡು, ಅವಳ ಮುಖವನ್ನೇ ನೋಡುತ್ತ ಕುಡಿದಳು.

"ಬಾಡಿದ ಭ್ರೂಣಗಳನ್ನ ಇಟ್ಟಿದ್ದೀಯೇನಮ್ಮ?" ಎಂದು ಅತ್ತೆ ಇಲಿಯಮ್ಮನನ್ನು ಕೇಳಿದಳು.

"ಇಟ್ಟಿದ್ದೀನಿ. ನಡುವೆ ಎರಡು ತಾಯಿಗಳನ್ನ ಕೊಯ್ದು ನೋಡಿದ್ವಲ್ಲ. ಬಾಟಲಿ ಮಾಡಿಟ್ಟಿದ್ದೀನಿ. ಆರ್‌ಎನ್‌ಎ ಬದಲು ಬರೀ ಉಪ್ಪುನೀರು ಬಿಟ್ಟ ಭ್ರೂಣದ್ದೊಂದು, ಆರ್‌ಎನ್‌ಎ ಬಿಟ್ಟ ಭ್ರೂಣದ್ದೊಂದು."

"ತಾ. ನಿರ್ದೇಶಕರನ್ನೂ ಕರಿ."

ಎರಡು ಬಾಟಲಿ ಮೇಜಿನ ಮೇಲೆ ಬಂದವು. ಪ್ರತಿಯೊಂದರಲ್ಲೂ ಒಂದು ಪುಟ್ಟ ಗರ್ಭಕೋಶ, ಮಣಿಸರದ ಹಾಗೆ. ಮಣಿಗಳು ಇರಬೇಕಾದಲ್ಲಿ ಕಪ್ಪು ಚುಕ್ಕೆಗಳು. ಗುಬ್ಬಿ ಕಣ್ಣು ಮುಚ್ಚಿಕೊಂಡಳು. ಅತ್ತೆ ಬಾಟಲಿಗಳ ಹೆಸರುಪಟ್ಟಿಯನ್ನು ಕರವಸ್ತ್ರದಿಂದ ಮುಚ್ಚಿ, ಬೆನ್ನ ಹಿಂದೆ ಅದಲು ಬದಲು ಮಾಡಿ, ಮತ್ತೆ ಇಟ್ಟಳು.

"ಯಾವುದು ಯಾವುದು? ಹೇಳಿ."

ಉದ್ದಣ್ಣ ಬಗ್ಗಿದ. ನಿರ್ದೇಶಕರು ಕನ್ನಡಕ ಹಣೆಗೇರಿಸಿ ನೋಡಿದರು. ಬೆಳಕಿಗೆ ಹಿಡಿದರು. ಅಳತೆ ಒಂದೇ. ಬಣ್ಣ ಒಂದೇ. ಸತ್ತ ವಯಸ್ಸು ಒಂದೇ.

"ಹೇಳೋಕಾಗಲ್ಲ" ಎಂದರು ನಿರ್ದೇಶಕರು.

"ಆಗಲ್ಲ. ಇದೇ ನಿಮ್ಮ ಕಣ್ಣೆದುರಿಗಿದ್ದ ಸಾಕ್ಷಿ. ಮರಿಗಳನ್ನ ಯಾರು ಕೊಂದ್ರು, ಯಾರು ಕೊಂದ್ರು ಅಂತ ಎಲ್ರೂ ಹುಡುಕಿದಿರಿ. ವಿಷ ಬಿದ್ದಿದ್ರೆ ತಟ್ಟೆಯಲ್ಲೇ ಸಾಯ್ತಿದ್ವು. ಇವು ಹಾಗೆ ಸಾಯಲಿಲ್ಲ. ಉಪ್ಪುನೀರು ಕುಡಿದವು ಹೇಗೆ ಸತ್ವೋ ಹಾಗೇ, ಅಲ್ಲೇ, ಅಷ್ಟೇ ದೊಡ್ಡವಾಗಿ ಸತ್ವು. ಅಂದ್ರೆ ಇವುಗಳಿಗೆ ಯಾರೂ ಏನೂ ಹಾಕಿಲ್ಲ— ಇವುಗಳಿಗೆ ಏನೂ ಸಿಕ್ಕಿಲ್ಲ! ಕೊಲೆ ಆಗಿದ್ದು ಮರಿಯದ್ದಲ್ಲ, ಬುತ್ತಿಯದು."

"ಬುತ್ತಿ ಸರಿಯಾಗಿದೆ ಅಂದೆನಲ್ಲ!" ಎಂದ ಉದ್ದಣ್ಣ.

"ಫ್ರೀಜರಿನಲ್ಲಿ ಸರಿಯಾಗಿದೆ. ಫ್ರೀಜರಿನಿಂದ ಅಂಡದ ತನಕ ಬರೋ ದಾರಿಯಲ್ಲಿ?"

ಒಳಗಿನಿಂದ ಇಲಿಮರಿಗಳ ಸಣ್ಣ ಕೀಚಲು ಕೇಳುತ್ತಿತ್ತು.

"ಆರ್‌ಎನ್‌ಎಯನ್ನ ಚೂರು ಚೂರು ಮಾಡೋ ಕಿಣ್ವ ಒಂದಿದೆ" ಅತ್ತೆ ನನ್ನ ಕಡೆ ತಿರುಗಿ ಹೇಳಿದಳು, ಆದರೆ ಹೇಳಿದ್ದು ನನಗಲ್ಲ. "ಅದನ್ನ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ನಮ್ಮ ಬೆವರಲ್ಲಿದೆ, ಬೆರಳ ತುದಿಯಲ್ಲಿದೆ. ಸಾಬೂನು ಹಾಕಿ ತೊಳೆದೆ ಅಂತ ನಂಬೋ ಹಾಗಿಲ್ಲ. ಸ್ಪಿರಿಟ್ಟು ಕೀಟಾಣು ಕೊಲ್ಲುತ್ತೆ, ಇದನ್ನ ಕೊಲ್ಲಲ್ಲ. ಆರ್‌ಎನ್‌ಎ ಕೆಲಸದವರು ಅದಕ್ಕೇ ಗ್ಲೌಸು ಇಲ್ಲದೆ ಮುಚ್ಚಳ ಮುಟ್ಟಲ್ಲ. ಆದ್ರೆ ಭ್ರೂಣದ ಕೆಲಸ ಕಲಿತವರ ಭಯ ಬೇರೆ. ಅವರಿಗೆ ಕೀಟಾಣು ಅಂದ್ರೆ ಭಯ, ಬೆರಳು ಅಂದ್ರೆ ಭಯ ಇಲ್ಲ."

"ಆದ್ರೆ ಆ ಕಿಣ್ವ ಅಂಡದೊಳಗೆ ಹೋದ್ರೆ ಅಂಡವೂ ಸಾಯಬೇಕಲ್ಲ?" ಎಂದರು ನಿರ್ದೇಶಕರು.

"ಅಷ್ಟಿಷ್ಟು ಹೋದ್ರೆ ಹಿಡಿದು ಕಟ್ಟಿಹಾಕೋ ಕಾವಲು ಜೀವಕೋಶದೊಳಗೇ ಇದೆ. ಹೊರಗೆ ಹನಿಯಲ್ಲಿ ಬರಿಮೈಯಲ್ಲಿ ಕೂತಿರೋ ಆರ್‌ಎನ್‌ಎಗೆ ಯಾವ ಕಾವಲೂ ಇಲ್ಲ. ಹೋಲಿಕೆಯ ಮರಿಗಳು ಹುಟ್ತಾನೇ ಇದ್ವು. ಯಾಕೆ? ಅವುಗಳ ವೀರ್ಯಾಣು ತನ್ನ ಬುತ್ತಿಯನ್ನ ತಾನೇ ಹೊತ್ತು ತಂದಿತ್ತು. ಅವುಗಳಿಗೆ ಆ ಹನಿ ಬೇಕಾಗಿರಲಿಲ್ಲ. ಪ್ರತಿ ಸಲ ಆ ಮರಿಗಳನ್ನ ನೋಡಿ 'ಕೈಯಲ್ಲಿ ತಪ್ಪಿಲ್ಲ' ಅಂದ್ರಿ. ಕೈ ಚೆನ್ನಾಗಿದೆ ಅನ್ನೋ ಸಾಕ್ಷಿಯೇ ಕೈಯನ್ನ ಮುಚ್ಚಿಟ್ಟಿತು."

ಉದ್ದಣ್ಣನ ಬಾಯಿ ತೆರೆದುಕೊಂಡಿತು. "ಸಣ್ಣ ಗ್ಲೌಸು..."

"ಹೂಂ. ಮೀಡಿಯಂ ಖಾಲಿ ಆಗುತ್ತೆ, ದೊಡ್ಡದು ಖಾಲಿ ಆಗುತ್ತೆ. ಸಣ್ಣದು ಹಾಗೇ ಇದೆ. ಕಸದ ಡಬ್ಬಿಯಲ್ಲೂ ಒಂದು ಸಣ್ಣ ಗ್ಲೌಸಿಲ್ಲ, ನೀವು ಹರಿದದ್ದು ಬಿಟ್ರೆ. ಈ ಕಟ್ಟಡದಲ್ಲಿ ಸಣ್ಣ ಕೈ ಇರೋದು ಒಬ್ಬರಿಗೇ."

ಎಲ್ಲರೂ ನೋಡಬಾರದೆಂದುಕೊಂಡು ನೋಡಿದರು. ಸೂಜಿ ಅಕ್ಕ ಖಾಲಿ ಲೋಟವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಕೈ ತೋರಿಸಮ್ಮ" ಎಂದಳು ಅತ್ತೆ, ಬಹಳ ಮೆಲ್ಲಗೆ.

ತೋರಿಸಿದಳು. ಎರಡು ಅಂಗೈಯೂ ಕೆಂಪಗೆ ಬೆಂದಿದ್ದವು. ಒಂದು ಬೆರಳ ಬುಡದಲ್ಲಿ ಗುಳ್ಳೆ ಏಳುತ್ತಿತ್ತು.

"ಸುಟ್ಟಿದೆ" ಎಂದಳು ಇಲಿಯಮ್ಮ. "ಅಕ್ಕಾ, ಸುಟ್ಟಿದೆಯಲ್ಲೇ! ಉರೀತಿಲ್ವಾ?"

"ಇಲ್ಲ ಕಣೇ" ಎಂದಳು ಸೂಜಿ ಅಕ್ಕ. "ಏನೂ ಆಗ್ತಿಲ್ಲ."

ಆಮೇಲೆ ಅವಳೇ ಹೇಳಿದಳು. ಯಾರೂ ಕೇಳಬೇಕಾಗಲಿಲ್ಲ. ಸಕ್ಕರೆ ಕಾಯಿಲೆ. ಮೊದಲು ಕಾಲು ಮರಗಟ್ಟಿತು. ಕಾಲಿನಿಂದ ಏನಾಗಬೇಕು ಎಂದು ಸುಮ್ಮನಿದ್ದಳು. ಆಮೇಲೆ ಬೆರಳು. "ಗ್ಲೌಸು ಹಾಕ್ಕೊಂಡ್ರೆ ಸೂಜಿ ಬೆರಳಲ್ಲಿದೆಯೋ ಬಿದ್ದುಹೋಯ್ತೋ ಗೊತ್ತಾಗ್ತಿರಲಿಲ್ಲ. ಮುರೀತಿತ್ತು. ಬರಿಗೈಯಲ್ಲಿ ಹಿಡಿದ್ರೆ ಎಲ್ಲೋ ಒಂಚೂರು, ದೂರದಲ್ಲಿ ಯಾರೋ ಕರೆದ ಹಾಗೆ, ಇದೆ ಅಂತ ಅನಿಸ್ತಿತ್ತು. ತೋಳಿಗೆ ಸಿಕ್ಕಿಸಿದ ಮೇಲೆ ಕಣ್ಣೇ ಸಾಕು. ಸಿಕ್ಕಿಸೋ ತನಕ ಮಾತ್ರ ಬೆರಳು ಬೇಕು. ಚೆನ್ನಾಗಿ ತೊಳೆದುಕೊಂಡೇ ಕೂತ್ಕೋತಿದ್ದೆ. ನಾವು ಕಲಿಯುವಾಗ ಎಲ್ಲರೂ ಬರಿಗೈಯಲ್ಲೇ ಮಾಡ್ತಿದ್ವಿ."

"ಮೊದಲೆರಡು ಸಲ?" ಎಂದರು ನಿರ್ದೇಶಕರು.

"ಆಗ ಗ್ಲೌಸಿತ್ತು."

"ಅಂದ್ರೆ ಆ ಮರಿಗಳು..."

"ನಿಜ. ಹುಡುಗಿ ಹೇಳಿದ್ದೆಲ್ಲ ನಿಜ."

ಉದ್ದಣ್ಣ ಎದ್ದು ಪಡಸಾಲೆಯ ಕಿಟಕಿಯ ಹತ್ತಿರ ಹೋಗಿ ನಿಂತ. ನಮಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

"ಯಾವಾಗ ಗೊತ್ತಾಯ್ತು ನಿಮಗೆ?" ಅತ್ತೆ ಕೇಳಿದಳು.

"ಮೊದಲ ಸಲ ಸತ್ತಾಗ ಗೊತ್ತಿರಲಿಲ್ಲ. ಆಣೆ ಮಾಡ್ತೀನಿ." ಅವಳು ತನ್ನ ಬೆಂದ ಕೈಯನ್ನು ಬೇರೆಯವರದು ಎಂಬ ಹಾಗೆ ನೋಡುತ್ತಿದ್ದಳು. "ಎರಡನೇ ಸಲ... ಗೊತ್ತಾಗಬಾರದು ಅಂತ ಇದ್ದೆ. ಯೋಚನೆ ಬಂದ್ರೆ ಎದ್ದು ಹೋಗಿ ಪಾತ್ರೆ ತಿಕ್ತಿದ್ದೆ. ಮೂರನೇ ಸಲ ಗೊತ್ತಿತ್ತು. ಗ್ಲೌಸು ಹಾಕಿ ನೋಡ್ದೆ. ಸೂಜಿಗಳೆಲ್ಲ ಮುರಿದ್ವು. ಕೊನೇ ಸೂಜಿ ಉಳಿದಾಗ ಗ್ಲೌಸು ತೆಗೆದುಬಿಟ್ಟೆ. ಈ ಕೈ ಇಲ್ಲ ಅಂದ್ರೆ ನಾನು ಯಾರು ಹೇಳಿ? ನನಗೆ ಹೆಸರು ಕೂಡ ಇಲ್ಲ ಇಲ್ಲಿ. ಸೂಜಿ ಅಕ್ಕ ಅಷ್ಟೇ."

ಗುಬ್ಬಿ ಇಷ್ಟು ಹೊತ್ತು ಅಲುಗಾಡಿರಲಿಲ್ಲ. ಈಗ ಮಾತಾಡಿದಳು, ದನಿ ಎಷ್ಟು ಸಣ್ಣದಾಗಿತ್ತೆಂದರೆ ಎಲ್ಲರೂ ಬಗ್ಗಿ ಕೇಳಬೇಕಾಯಿತು.

"ಅಕ್ಕ, ಈಗ ತಾನೇ ನನ್ನ ಮುಖ ನೋಡ್ಕೊಂಡು ಟೀ ಕುಡಿದ್ರಲ್ಲ."

ಸೂಜಿ ಅಕ್ಕ ಮಡಿಲಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

"ಸುಳ್ಳಿ ಅಂದಾಗ ಅಲ್ಲೇ ನಿಂತಿದ್ರಿ. ನಿಮ್ಮ ಹೆಗಲ ಮೇಲೇ ತಲೆಯಿಟ್ಟು ಅತ್ತಿದ್ದೆ ನಾನು. ಆಗಲೂ ಹೇಳಲಿಲ್ಲ." ಅವಳು ಎದ್ದು ಹೊರಗೆ ಹೋದಳು. ಮೆಟ್ಟಿಲ ಮೇಲೆ ಫೋನು ಮತ್ತೆ ಗುರ್ರೆನ್ನುತ್ತಿತ್ತು. ಈ ಸಲ ಎತ್ತಿಕೊಂಡಳು. "ಇಲ್ಲಮ್ಮ" ಎನ್ನುವುದು ಕೇಳಿತು. "ಯಾರೂ ಕದ್ದಿಲ್ಲ. ಇಲ್ಲಮ್ಮ... ಇಲ್ಲ..." ಆಮೇಲೆ ಬರೀ ಅಳು.

ಬಸ್ಸಿನಲ್ಲಿ ಬರುವಾಗ ನಾನು ಕೇಳಿದೆ, "ಗೆದ್ದೆ ಅಲ್ವಾ ಅತ್ತೆ?"

ಅವಳು ಮಂಡಿ ತಿಕ್ಕಿಕೊಳ್ಳುತ್ತಿದ್ದಳು. "ಕಳ್ಳ ಸಿಕ್ಕಿದ್ರೆ ಗೆಲುವು. ಇಲ್ಲಿ ಸಿಕ್ಕಿದ್ದು ಒಂದು ಮುದುಕಿ ಕೈ" ಎಂದಳು.

ಶುಕ್ರವಾರ ಸಮಿತಿ ಸೇರಿತು. ಗುಬ್ಬಿ ಸುಳ್ಳಿ ಅಲ್ಲ ಎಂದಿತು. ಅಷ್ಟೇ ಹೇಳಿತು. ಮರಿ ಹುಟ್ಟದ ಪ್ರಯೋಗಕ್ಕೆ ಹಣ ಕೊಡುವವರು ಆಗಲೇ ಹಿಂದೆ ಸರಿದಿದ್ದರು. ಹಣ ನಿಂತ ಕೂಡಲೇ ಇಲಿಮನೆ ಮುಚ್ಚುವುದೆಂದು ಆಗಿತ್ತು, ಆ ತೀರ್ಮಾನ ಬದಲಾಗಲಿಲ್ಲ. ಮತ್ತೊಮ್ಮೆ ಮಾಡಿ ತೋರಿಸುವುದಕ್ಕೆ ಜಾಗ ಇರಲಿಲ್ಲ. ಎರಡು ಸಲ ಹುಟ್ಟಿದ ಮರಿಗಳನ್ನು ಇನ್ನು ಯಾರೂ ನಂಬಬೇಕಾಗಿಲ್ಲ, ಯಾರೂ ಅಲ್ಲಗಳೆಯಬೇಕಾಗಿಯೂ ಇಲ್ಲ. ಅವಳ ಹೆಸರು ಉಳಿಯಿತು. ಅವಳು ಕಂಡದ್ದು ಉಳಿಯಲಿಲ್ಲ.

ಅತ್ತೆ ಕರವಸ್ತ್ರ ಮರೆತು ಬಂದಿದ್ದಳು. ಅಥವಾ ಹಾಗೆ ಹೇಳಿದಳು. ಅವತ್ತು ಮಧ್ಯಾಹ್ನ ಇಬ್ಬರೂ ಹೋದೆವು. ಪಡಸಾಲೆಯಲ್ಲಿ ಖಾಲಿ ಪಂಜರಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಇಲಿಯಮ್ಮ ಕಾಣಲಿಲ್ಲ, ಕೊನೆಯ ತಾಯಿಗಳನ್ನು ಹೊರಗೆ ಕಳಿಸಿದ ಮೇಲೆ ಮನೆಗೆ ಹೋದಳಂತೆ, ಯಾರಿಗೂ ಹೇಳದೆ. ಉದ್ದಣ್ಣ ಯಂತ್ರಗಳ ತಂತಿ ಸುತ್ತುತ್ತಿದ್ದ. ನಮ್ಮನ್ನು ನೋಡಿ ತಲೆ ತಗ್ಗಿಸಿ, ಗಲ್ಲದಿಂದ ಒಳಕೋಣೆಯ ಕಡೆ ತೋರಿಸಿದ.

ಆ ಕೋಣೆಯ ಬಾಗಿಲು ಮೊದಲ ಸಲ ತೆರೆದಿತ್ತು. ಸೂಜಿ ಅಕ್ಕ ತನ್ನ ಎತ್ತರದ ಸ್ಟೂಲಿನಲ್ಲಿ ಕೂತಿರಲಿಲ್ಲ. ಪಕ್ಕದ ಸಣ್ಣ ಕುರ್ಚಿಯಲ್ಲಿದ್ದಳು. ಕೈಗಳಿಗೆ ಬಿಳಿ ಬಟ್ಟೆ ಸುತ್ತಿತ್ತು. ಗುಬ್ಬಿ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೀಳ್ಕೊಡಲು ಬಂದವಳ ಹಾಗೂ ಇರಲಿಲ್ಲ, ಜಗಳಕ್ಕೆ ಬಂದವಳ ಹಾಗೂ ಇರಲಿಲ್ಲ.

"ತಟ್ಟೆಯಲ್ಲಿ ಒಂದಿಷ್ಟು ಭ್ರೂಣ ಉಳಿದಿವೆ" ಎಂದಳು ಸೂಜಿ ಅಕ್ಕ. "ನಿನ್ನ ಆರ್‌ಎನ್‌ಎಯೂ ಒಂದು ಹನಿ ಇದೆ."

"ಇವನ್ನ ಇಡೋಕೆ ತಾಯಿ ಇಲ್ಲ ಅಕ್ಕ."

"ಗೊತ್ತು."

"ಸಂಜೆ ಇವನ್ನ ಬೆಚ್ಚಗಿಡೋ ಈ ಪೆಟ್ಟಿಗೆಯನ್ನೂ ಆರಿಸ್ತಾರೆ."

"ಗೊತ್ತು ಕಣೇ."

"ಮತ್ತೆ ಏನು ಪ್ರಯೋಜನ?"

"ಪ್ರಯೋಜನ ಇಲ್ಲ" ಎಂದಳು ಸೂಜಿ ಅಕ್ಕ. "ಕಲಿಸ್ತೀನಿ ಅಂದಿದ್ದೆ."

ಹೊರಗೆ ಉದ್ದಣ್ಣ ಯಾವುದೋ ತಂತಿ ಕಿತ್ತ. ಎಲ್ಲೋ ಒಂದು ಗುಂಯ್‌ಗುಟ್ಟುವ ಸದ್ದು ನಿಂತಿತು. ಗುಬ್ಬಿ ಚೀಲವನ್ನು ನೆಲಕ್ಕಿಟ್ಟಳು. ಕೈ ತೊಳೆದಳು. ಗ್ಲೌಸು ಹಾಕಿದಳು. ಸ್ಟೂಲು ಹತ್ತಿದಳು. ಕ್ಷಮಿಸಿದೆ ಎನ್ನಲಿಲ್ಲ. ಆ ಮಾತು ಅವಳ ಮುಖದಲ್ಲೂ ಇರಲಿಲ್ಲ.

"ಸೂಜಿನ ಬೆನ್ನಿಂದ ಹಿಡಿ. ಕತ್ತು ಹಿಸುಕಬೇಡ. ಹಕ್ಕಿ ಹಿಡಿದ ಹಾಗೆ ಹಿಡಿ."

ಟಿಣ್. ಮುರಿಯಿತು.

"ಪರವಾಗಿಲ್ಲ. ಇನ್ನೊಂದು ತಗೋ."

ಅದೂ ಮುರಿಯಿತು. ಗುಬ್ಬಿ ಹಲ್ಲು ಕಚ್ಚಿದಳು. ಸೂಜಿ ಅಕ್ಕನ ಬಟ್ಟೆ ಸುತ್ತಿದ ಕೈ ತಾನಾಗಿಯೇ ಮೇಲೆದ್ದಿತು. ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದು ಮಡಿಲಿಗೆ ಒತ್ತಿಕೊಂಡಳು.

"ಉಸಿರು ಬಿಡು. ಬಿಟ್ಟ ಮೇಲೆ, ಇನ್ನೊಂದು ತಗೊಳ್ಳೋಕೆ ಮುಂಚೆ, ಒಂದು ಖಾಲಿ ಜಾಗ ಇರುತ್ತಲ್ಲ? ಅಲ್ಲಿ ಸಿಕ್ಕಿಸು. ...ಹಾಂ. ಈಗ ಕಣ್ಣಿಡು. ಏನು ಕಾಣ್ತಿದೆ?"

"ಕೋಟೆ ಕಾಣ್ತಿದೆ."

"ಒಳಗೆ?"

"ಎರಡು ಗುಂಡುಗಳು. ಅಪ್ಪನದೊಂದು, ಅಮ್ಮನದೊಂದು."

"ಅವನ್ನ ಮುಟ್ಟಬೇಡ. ಪಕ್ಕದಲ್ಲಿ ಜಾಗ ಮಾಡ್ಕೊ. ತಳ್ಳು. ತಗ್ಗಾಗುತ್ತೆ, ಹೆದರಬೇಡ, ತಗ್ಗಾಗುತ್ತೆ, ಇನ್ನೂ ತಳ್ಳು... ಈಗ."

ಗೋಡೆಗೆ ಹಾಕಿದ್ದ ಪುಟ್ಟ ಪರದೆಯಲ್ಲಿ ನಾವೂ ನೋಡಿದೆವು. ಸೂಜಿಯ ಮುಂದೆ ಅಂಡ ಕುಳಿಯಂತೆ ಒಳಕ್ಕೆ ಬಾಗಿತು, ಬಾಗಿತು. ತಟಕ್ಕನೆ ತೆರೆದುಕೊಂಡಿತು. ಒಳಗೆ ಸಣ್ಣದೊಂದು ಅಲೆ ಎದ್ದು ಹರಡಿತು. ಗುಬ್ಬಿ ಸೂಜಿಯನ್ನು ಹಿಂದಕ್ಕೆಳೆದಳು. ಗಾಯ ತಾನಾಗಿ ಮುಚ್ಚಿಕೊಂಡಿತು. ಅಂಡ ಮತ್ತೆ ದುಂಡಗಾಯಿತು.

ಗುಬ್ಬಿ ಕಣ್ಣು ತೆಗೆಯದೆಯೇ ಕೇಳಿದಳು, "ನನಗೂ ಬಂತಾ ಅಕ್ಕ?"

"ಬಂತು" ಎಂದಳು ಸೂಜಿ ಅಕ್ಕ.